ಗಿರಕಿ ಕಂಡಿತು, ಹಾಡು ಮರೆಯಾಯಿತು

1925ರ ಕೊನೆಯಲ್ಲಿ ತುರ್ಕಿ ಸರ್ಕಾರ ಕಾನೂನು ಮಾಡಿ ಸೂಫಿ ಮಠಗಳಿಗೆ ಬೀಗ ಜಡಿಯಿತು. ಜಲಾಲುದ್ದೀನ್ ರೂಮಿಯ ಪರಂಪರೆಯ ದರ್ವೇಶಿಗಳು ಸುತ್ತುತ್ತ ಮಾಡುವ ‘ಸಮಾ’ ಬಹಿರಂಗವಾಗಿ ನಿಂತೇಹೋಯಿತು. 1950ರ ದಶಕದಲ್ಲಿ ಕೊನ್ಯಾದಲ್ಲಿ ಮತ್ತೆ ಅವಕಾಶ ಸಿಕ್ಕಿತಾದರೂ ಅದು ರೂಮಿಯ ಪುಣ್ಯತಿಥಿಯ ಸಾಂಸ್ಕೃತಿಕ ಕಾರ್ಯಕ್ರಮವಾಗಿ, ಆರಾಧನೆಯಾಗಿ ಅಲ್ಲ. 2005ರಲ್ಲಿ ಯುನೆಸ್ಕೊ ಮನ್ನಣೆಯೂ ಬಂತು. ನೂರು ವರ್ಷದ ಲೆಕ್ಕ ತೆಗೆದರೆ ಸಮಾ ಉಳಿದಿದೆ, ಆದರೆ ಟಿಕೆಟ್ ಕೊಂಡು ನೋಡುವ ಪ್ರದರ್ಶನವಾಗಿಯೇ ಹೆಚ್ಚು.

ಕಣ್ಣಿಗೆ ಬೀಳುವುದು ಗಿರಕಿ. ಅದನ್ನು ನಡೆಸುವುದು ಸಂಗೀತ. ಮೊದಲು ಪ್ರವಾದಿಯ ಸ್ತುತಿ. ಆಮೇಲೆ ಕುದೂಮ್ ಎಂಬ ಜೋಡಿ ನಗಾರಿಯ ಪೆಟ್ಟು, ಅದರ ಬೆನ್ನಿಗೆ ಜೊಂಡಿನ ಕೊಳಲು ‘ನೈ’ನ ಆಲಾಪ. ಗೋರಿಕಲ್ಲಿನ ಸಂಕೇತವಾದ ಉದ್ದ ಟೋಪಿ, ಕಫನ್ನಿನ ಸಂಕೇತವಾದ ಬಿಳಿ ಅಂಗಿ ತೊಟ್ಟವರು ಕರಿಯ ಮೇಲಂಗಿ ಕಳಚಿಟ್ಟು, ಎಡಗಾಲೂರಿ, ಬಲ ಅಂಗೈ ಮೇಲಕ್ಕೂ ಎಡ ಅಂಗೈ ಕೆಳಕ್ಕೂ ಮಾಡಿ ಸುತ್ತುವುದು ಆನಂತರವೇ. ಹೀಗೆ ನಾಲ್ಕು ಸುತ್ತಿನ ‘ಸಲಾಮ್’, ನಡುನಡುವೆ ತಾಳವೂ ಬದಲು. ಮೊಬೈಲಿನಲ್ಲಿ ಅರೆನಿಮಿಷ ನೋಡಿ ಸರಿಸುವವರಿಗೆ ಇದೆಲ್ಲ ದಕ್ಕುವುದಿಲ್ಲ, ಬಿಡಿ.

ದೂರದ ತುರ್ಕಿಯ ಮಾತಾಯಿತು, ಸೂಫಿಗಳ ಈ ಸಮಾದಲ್ಲಿ ನಮ್ಮ ಮೈಸೂರಿನ ಪಾಲೇನು? ಗಿರಕಿಯಲ್ಲಿ ಏನೂ ಇಲ್ಲ. ನಮ್ಮ ಕಡೆಯ ಸಮಾ ಬೇರೆಯೇ: ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇ ನವಾಜರ ಚಿಶ್ತಿ ಪರಂಪರೆಯಲ್ಲಿ ಸಮಾ ಎಂದರೆ ಕುಳಿತು ಕೇಳುವ ಹಾಡು. ಭಾವ ಉಕ್ಕಿ ಯಾರಾದರೂ ಎದ್ದು ಕುಣಿದರೆ ಅದು ತಾನಾಗಿ ಬಂದದ್ದು. ಆ ಚಿಶ್ತಿ ಹಾಡನ್ನು ಸಮುದ್ರ ದಾಟಿಸಿದ ಮನೆತನಕ್ಕೆ ಮಾತ್ರ ಮೈಸೂರಿನ ಋಣವಿದೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಉತ್ತರದಿಂದ ಬಂದ ಗಾಯಕ ಮೌಲಾ ಬಕ್ಷ್ ದಕ್ಷಿಣದ ಸಂಗೀತವನ್ನೂ ಕಲಿತು, ಒಡೆಯರಿಂದ ರಾಜಮರ್ಯಾದೆ ಪಡೆದರು. ಅವರ ಕೈಹಿಡಿದ ಕಾಸಿಂಬೀ ಟಿಪ್ಪುವಿನ ವಂಶದವರೆಂದು ಕುಟುಂಬ ಹೇಳಿಕೊಂಡು ಬಂದಿದೆ. 1886ರಲ್ಲಿ ಬರೋಡದಲ್ಲಿ ಸಂಗೀತ ಶಾಲೆ ತೆರೆದವರೂ ಇದೇ ಮೌಲಾ ಬಕ್ಷ್. ಅವರ ಮಗಳ ಮಗ ಇನಾಯತ್ ಖಾನ್ 1910ರ ಸೆಪ್ಟೆಂಬರಿನಲ್ಲಿ ವೀಣೆಯೊಂದಿಗೆ ಹಡಗು ಹತ್ತಿದರು. ಅಮೆರಿಕದಲ್ಲಿ ನರ್ತಕಿ ರುತ್ ಸೇಂಟ್ ಡೆನಿಸ್ ತಂಡಕ್ಕೆ ಸಂಗೀತ ನುಡಿಸಿ ದಿನ ದೂಡಿದ್ದೂ ಉಂಟು. ಪಶ್ಚಿಮದಲ್ಲಿ ಚಿಶ್ತಿ ಪಂಥ ಬೇರೂರಿದ್ದು ಅವರಿಂದ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಡಾಕಾವ್ ಶಿಬಿರದಲ್ಲಿ ಕೊಂದ ಬ್ರಿಟಿಷ್ ಗುಪ್ತಚರೆ ನೂರ್ ಅವರ ಮಗಳು.

ಹಿಂದೂಸ್ತಾನಿ ಗಾಯಕ ಫೈಯಾಜ್ ಖಾನರಿಗೆ ಮೈಸೂರು ಅರಮನೆ ಕೊಟ್ಟ ‘ಆಫ್ತಾಬ್-ಎ-ಮೌಸಿಕಿ’ ಬಿರುದು, 1930ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದ ಗಾಯಕಿ ಗೌಹರ್ ಜಾನ್ ಕಥೆ ನಮ್ಮ ರಸಿಕರಿಗೆ ಬಾಯಿಪಾಠ. ಮೌಲಾ ಬಕ್ಷ್ ಹೆಸರು ಎತ್ತುವವರು ಅಪರೂಪ. ಒಡೆಯರ ಕಾಲದ ಸಂಗೀತವೆಂದರೆ ವೀಣೆ ಶೇಷಣ್ಣನವರಿಂದ ವಾಸುದೇವಾಚಾರ್ಯರವರೆಗೆ ಎಂದು ಗೆರೆ ಎಳೆದುಕೊಂಡದ್ದರ ಫಲವಿದು.

ಇನಾಯತ್ ಖಾನ್ ದೆಹಲಿಯಲ್ಲಿ ತೀರಿಕೊಂಡದ್ದು 1927ರ ಫೆಬ್ರುವರಿ 5ರಂದು. 2027ಕ್ಕೆ ನೂರು ವರ್ಷ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಅಷ್ಟರೊಳಗೆ ಅರಮನೆಯ ಹಳೆಯ ಕಡತಗಳಲ್ಲಿ ಮೌಲಾ ಬಕ್ಷ್ ಹೆಸರು ಹುಡುಕಿಸಲಿ. ದಸರಾ ಸಮಿತಿ ಅರಮನೆ ವೇದಿಕೆಯ ಒಂದು ಸಂಜೆಯನ್ನು ಈ ಮನೆತನದ ಸಂಗೀತಕ್ಕೆ ಬಿಟ್ಟುಕೊಡಲಿ.