ಏನೂ ನಡೆಯದ ಬೀದಿ

ನನ್ನ ಮಗಳ ಮನೆಯಿರುವುದು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ, ಜಾಕ್ಸನ್ ಹೈಟ್ಸ್ ಎಂಬ ಬಡಾವಣೆಯಲ್ಲಿ. ಅಲ್ಲಿ ಮೂರು ತಿಂಗಳು ಇದ್ದು ಬಂದ ಮೇಲೆ ಒಂದು ವಿಷಯ ಮನಸ್ಸನ್ನು ಕೊರೆಯುತ್ತಲೇ ಇದೆ. ಬರೆದು ಹಗುರಾಗೋಣವೆಂದು ಕುಳಿತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಇದು ರುಚಿಸಲಾರದು. ಆದರೆ ತರಗತಿಯಲ್ಲಿ ಎದ್ದು ನಿಂತು ನನ್ನೊಡನೆ ವಾದಿಸುತ್ತಿದ್ದವರೇ ಇದನ್ನೂ ಓದುವವರಾದ್ದರಿಂದ ನನಗೆ ಅಂಜಿಕೆಯಿಲ್ಲ.

ಮೊಮ್ಮಗನಿಗೆ ಒಂಬತ್ತು ವರ್ಷ. ಸಂಜೆ ಅವನ ಕೈ ಹಿಡಿದು ರೂಸ್‌ವೆಲ್ಟ್ ಅವೆನ್ಯೂದಲ್ಲಿ ತಿರುಗಾಡಿ ಬರುವುದು ನನ್ನ ದಿನಚರಿಯಾಗಿತ್ತು. ತಲೆಯ ಮೇಲೆ ಕಬ್ಬಿಣದ ಕಂಬಗಳ ಸಾಲಿನ ಮೇಲೆ 7ನೆಯ ಸಂಖ್ಯೆಯ ರೈಲು ಗಡಗಡನೆ ಹಾದುಹೋಗುತ್ತದೆ. ಅದು ದಾಟುವವರೆಗೆ ಮಾತು ನಿಲ್ಲಿಸಬೇಕು. ಅದರ ನೆರಳಿನಲ್ಲಿ ಒಬ್ಬ ಹೆಂಗಸು ತಮಾಲೆ ಮಾರುತ್ತಾಳೆ. ತಮಾಲೆಯೆಂದರೆ ನಮ್ಮ ಕಡುಬಿನ ದೂರದ ನೆಂಟ; ಮೆಕ್ಕೆಜೋಳದ ಹಿಟ್ಟನ್ನು ಅದರದೇ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ನಾಲ್ಕು ಹೆಜ್ಜೆ ಮುಂದೆ ಮೊಮೊ ಮಾರುವ ಟಿಬೆಟ್ಟಿನವರ ಗಾಡಿ. 74ನೆಯ ಬೀದಿಗೆ ತಿರುಗಿದರೆ ಸೀರೆ ಅಂಗಡಿ, ಬಂಗಾರದಂಗಡಿ, ಬಾಂಗ್ಲಾದೇಶದವರ ಕಿರಾಣಿ ಅಂಗಡಿ, ವೀಳ್ಯದೆಲೆಯೂ ಸಿಗುವ ಮೂಲೆ. ಕ್ವೀನ್ಸಿನ ಸುಮಾರು 24 ಲಕ್ಷ ಜನರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಹೊರದೇಶಗಳಲ್ಲಿ ಹುಟ್ಟಿದವರು. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಜಾತ್ರೆ ಬೇಕೆ? ಒಂದು ದಿನ ಸಂತೋಷ ತಡೆಯಲಾರದೆ, "ಎಷ್ಟು ಚೆನ್ನಾಗಿದೆಯಪ್ಪ ನಿಮ್ಮ ಬೀದಿ!" ಎಂದೆ.

"ಇಲ್ಲಿ ಏನೂ ನಡೆಯಲ್ಲ ತಾತ. ಸ್ಪೈಡರ್‌ಮ್ಯಾನ್ ಬಂದ್ರೆ ಮಾತ್ರ ಏನಾದ್ರೂ ನಡೆಯತ್ತೆ" ಎಂದ.

ಮಗುವಿನ ಮಾತಿಗೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಮಾಡಿದವನಿಗೆ, ತಪ್ಪು ಉತ್ತರ ಬಂದಾಗ ಅದನ್ನು ಕಲಿಸಿದವರು ಯಾರೆಂದು ಹುಡುಕುವ ಚಟ ಬಿಡುವುದಿಲ್ಲ. ಅವನೊಡನೆ ಕುಳಿತು ಏಳೆಂಟು ಚಿತ್ರಗಳನ್ನು ನೋಡಿದೆ. ಕಲಿಸಿದವರು ಸಿಕ್ಕರು.

ನನ್ನ ಆರೋಪ ಇಷ್ಟೇ. ಈ ಅತಿಮಾನವರ ಚಿತ್ರಗಳು ಒಂದು ನಿಜವಾದ ನಗರದ ನಿಜವಾದ ಬಡಾವಣೆಗಳ ಹೆಸರನ್ನು ಎತ್ತಿಕೊಳ್ಳುತ್ತವೆ, ಬಡಾವಣೆಯನ್ನು ಬಿಟ್ಟುಬಿಡುತ್ತವೆ. ಅವುಗಳ ಕಣ್ಣಿಗೆ ಬೀದಿಯೆಂದರೆ ಒಡೆಯುವುದಕ್ಕೋ ಉಳಿಸುವುದಕ್ಕೋ ಕಾದು ಕುಳಿತ ಸ್ಥಳ. ಅದನ್ನು ದಿನವೂ ನಡೆಸುವವರು ಅಲ್ಲಿ ಇಲ್ಲ.

ಮೊದಲು ಭೂಗೋಳದ ಲೆಕ್ಕ ಮುಗಿಸಿಬಿಡುತ್ತೇನೆ. 2004ರ 'ಸ್ಪೈಡರ್‌ಮ್ಯಾನ್ 2' ಚಿತ್ರದಲ್ಲಿ ಮ್ಯಾನ್‌ಹಟನ್ನಿನ ಗಗನಚುಂಬಿಗಳ ನಡುವೆ ಕಂಬಗಳ ಮೇಲೆ ರೈಲು ಓಡುತ್ತದೆ. ಆ ಭಾಗದಲ್ಲಿ ಅಂಥ ರೈಲಿಲ್ಲ. ಮೂರನೆಯ ಅವೆನ್ಯೂದ ಎತ್ತರದ ರೈಲು 1955ರಲ್ಲಿಯೇ ನಿಂತುಹೋಯಿತು. ನಾವು ನೋಡುವುದು ಷಿಕಾಗೋ. 2012ರ 'ಅವೆಂಜರ್ಸ್' ಚಿತ್ರದ 42ನೆಯ ಬೀದಿಯ ಮಹಾಯುದ್ಧದ ದೊಡ್ಡ ಭಾಗಕ್ಕೆ ವೇಷ ಹಾಕಿಕೊಂಡು ನಿಂತದ್ದು ಕ್ಲೀವ್‌ಲ್ಯಾಂಡ್ ನಗರದ ಒಂಬತ್ತನೆಯ ಬೀದಿ. 2017ರ 'ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್' ಚಿತ್ರದ ಕ್ವೀನ್ಸಿನ ಬಹುಪಾಲು ಅಟ್ಲಾಂಟಾದಲ್ಲಿದೆ. ನಕ್ಷೆಯಲ್ಲಿ ಕಾವೇರಿಯನ್ನು ತಪ್ಪಾಗಿ ಹರಿಸಿದ ಹುಡುಗರಿಗೆ ನಾನು ಅಂಕ ಕಳೆದವನು. ಆದರೂ ಇದನ್ನು ದೊಡ್ಡ ಅಪರಾಧವೆನ್ನಲಾರೆ. ತೆರಿಗೆ ರಿಯಾಯಿತಿ ಸಿಕ್ಕ ಕಡೆ ಚಿತ್ರೀಕರಣ ನಡೆಯುತ್ತದೆ, ಅದು ವ್ಯಾಪಾರ. ನಮ್ಮ ಶಂಕರ್ ನಾಗ್ ಅವರು ಇಲ್ಲದ ಊರಾದ ಮಾಲ್ಗುಡಿಯನ್ನು ಆಗುಂಬೆಯಲ್ಲಿ ನಿಲ್ಲಿಸಲಿಲ್ಲವೆ? ಆದರೆ ಆ ಧಾರಾವಾಹಿಯಲ್ಲಿ ಅಂಚೆಯವನಿದ್ದ, ಜೋಯಿಸನಿದ್ದ, ಶಾಲೆಗೆ ಚಕ್ಕರ್ ಹಾಕುವ ಹುಡುಗನಿದ್ದ. ಊರು ಕಟ್ಟುಕತೆಯಾಗಿದ್ದರೂ ಜನ ಕಟ್ಟುಕತೆಯಾಗಿರಲಿಲ್ಲ. ಇಲ್ಲಿ ಊರಿನ ಹೆಸರು ನಿಜ, ಜನರೇ ಮಾಯ.

ಜನರ ವಿಷಯಕ್ಕೆ ಬರುತ್ತೇನೆ. 'ಅವೆಂಜರ್ಸ್' ಚಿತ್ರದಲ್ಲಿ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಸುತ್ತಣ ಜನಕ್ಕೆ ಇರುವ ಕೆಲಸಗಳು ಮೂರು: ಮೇಲೆ ನೋಡುವುದು, ಕಿರುಚುವುದು, ಓಡುವುದು. ಒಬ್ಬಳಿಗೆ ಮಾತ್ರ ಒಂದು ಉದ್ಯೋಗವಿತ್ತು. ಅವಳು ಹೋಟೆಲಿನಲ್ಲಿ ಊಟ ಬಡಿಸುವ ಹುಡುಗಿ. ಕ್ಯಾಪ್ಟನ್ ಅಮೆರಿಕ ಅವಳ ಹೋಟೆಲಿನಲ್ಲಿ ಕುಳಿತು ಮಾತನಾಡುವ ದೃಶ್ಯವನ್ನು ಚಿತ್ರೀಕರಿಸಿದ್ದರು. ಆಮೇಲೆ ಕತ್ತರಿಸಿದರು. ಅಂತಿಮ ಚಿತ್ರದಲ್ಲಿ ಅವಳು ಕೆಲವು ಕ್ಷಣ ಮುಖ ತೋರಿಸಿ, ಕೊನೆಗೆ ಟೀವಿಯವರ ಮುಂದೆ ನಿಂತು ವೀರನಿಗೆ ಕೃತಜ್ಞತೆ ಹೇಳುತ್ತಾಳೆ. ಹೊಡೆದಾಟದ ನಿಮಿಷಗಳಿಗೆ ಅವಳ ನಿಮಿಷಗಳು ಬಲಿಯಾದವು. ಕತ್ತರಿ ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿದರೆ ಯಜಮಾನನ ಮನಸ್ಸು ತಿಳಿಯುತ್ತದೆ.

ಇನ್ನೊಂದು ಇದಕ್ಕಿಂತ ಘೋರ. ಆ ಮಹಾಯುದ್ಧ ಮುಗಿದ ಮೇಲೆ ಉದುರಿದ ಕಲ್ಲು ಕಬ್ಬಿಣವನ್ನು ಗುಡಿಸುವವರು ಯಾರು? 'ಹೋಮ್‌ಕಮಿಂಗ್' ಚಿತ್ರ ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ನೋಡಿ ನಾನು ನೆಟ್ಟಗೆ ಕುಳಿತೆ. ಅವಶೇಷ ತೆಗೆಯುವ ಗುತ್ತಿಗೆಯನ್ನು ನಗರದಿಂದ ಪಡೆದ ಟೂಮ್ಸ್ ಎಂಬಾತ ಲಾರಿ ಕೊಂಡು, ಆಳುಗಳನ್ನು ಕೂಡಿಸಿಕೊಂಡು ಕೆಲಸಕ್ಕೆ ಇಳಿದಿರುತ್ತಾನೆ. ಅಷ್ಟರಲ್ಲಿ ಸರ್ಕಾರವೂ, ಊರು ಒಡೆದ ವೀರರಲ್ಲೊಬ್ಬನಾದ ಕೋಟ್ಯಧೀಶ ಸ್ಟಾರ್ಕ್‌ನೂ ಕೂಡಿ ಹೊಸ ಇಲಾಖೆ ಮಾಡಿ ಅವನ ಗುತ್ತಿಗೆಯನ್ನು ಕಿತ್ತುಕೊಳ್ಳುತ್ತಾರೆ. ಒಡೆದವನಿಗೇ ಗುಡಿಸುವ ಲಾಭ! ಇಂಥ ಕತೆ ನಮ್ಮ ದೇಶದ ಗುತ್ತಿಗೆಗಳಲ್ಲಿಯೂ ಅಪರೂಪವಲ್ಲ. ಸರಿ, ಈಗಲಾದರೂ ಪೊರಕೆ ಹಿಡಿದವನ ಪಕ್ಷ ವಹಿಸುತ್ತಾರೆಂದು ನಾನು ಕಾದೆ. ಏನಾಯಿತೆಂದರೆ, ಆ ಟೂಮ್ಸ್‌ನೇ ಖಳನಾಯಕನಾದ. ಇಷ್ಟು ಚಿತ್ರಗಳಲ್ಲಿ ಬೀದಿಯನ್ನು ಸ್ವಚ್ಛಗೊಳಿಸಲು ಬಂದ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಕಂಡೆ. ಅವನಿಗೆ ಹದ್ದಿನ ರೆಕ್ಕೆ ಕಟ್ಟಿ ಕಳ್ಳನನ್ನಾಗಿ ಮಾಡಿದ್ದಾರೆ. ಅದೇ ಚಿತ್ರದಲ್ಲಿ ಮೂಲೆಯ ಸ್ಯಾಂಡ್‌ವಿಚ್ ಅಂಗಡಿಯೊಂದು, ಎದುರಿನ ದರೋಡೆಕೋರರೊಡನೆ ನಾಯಕ ನಡೆಸುವ ಹೋರಾಟದಲ್ಲಿ ಸಿಡಿದು ಸುಟ್ಟುಹೋಗುತ್ತದೆ. ಹುಡುಗ ಮಾಲೀಕನನ್ನೂ ಬೆಕ್ಕನ್ನೂ ಉಳಿಸುತ್ತಾನೆ, ಒಪ್ಪಿದೆ. ಆದರೆ ಆ ಮಾಲೀಕನ ಸಾಲ, ಬಾಡಿಗೆ, ವಿಮೆ ಏನಾದುವೆಂದು ಚಿತ್ರ ಹೇಳುವುದಿಲ್ಲ.

ಈ ದೃಷ್ಟಿ ಹೊಸದೇನಲ್ಲ. ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ. 1939ರ ಜನವರಿಯ ಸಂಚಿಕೆಯಲ್ಲಿಯೇ ಅವನು ಒಂದು ಕೊಳೆಗೇರಿಗೆ ಬರುತ್ತಾನೆ. ಹುಡುಗರು ಕೆಡುವುದು ಇಂಥ ಕೇರಿಗಳಿಂದ ಎಂದು ಅವನಿಗೆ ತೋರುತ್ತದೆ. ಬಿರುಗಾಳಿಗೆ ಊರು ಹಾಳಾದರೆ ಸರ್ಕಾರ ಹೊಸ ಮನೆ ಕಟ್ಟಿಕೊಡುತ್ತದೆಂದು ಓದಿ, ತಾನೇ ಬಿರುಗಾಳಿಯಾಗಿ ಇಡೀ ಕೇರಿಯನ್ನು ಕೆಡವುತ್ತಾನೆ. ಅಚ್ಚುಕಟ್ಟಾದ ಹೊಸ ಕಟ್ಟಡಗಳು ಏಳುತ್ತವೆ, ಕತೆ ಸುಖಾಂತ. ಬರೆದ ಇಬ್ಬರು ತರುಣರ ಉದ್ದೇಶ ಒಳ್ಳೆಯದೇ ಇತ್ತು. ಅವರಿಗೆ ಬಡವರ ಮೇಲೆ ನಿಜವಾದ ಕನಿಕರವಿತ್ತು. ಆದರೆ ಕೇರಿಯವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ನಿಜವಾದ ನ್ಯೂಯಾರ್ಕಿನಲ್ಲಿ ರಾಬರ್ಟ್ ಮೋಸೆಸ್ ಎಂಬ ಪ್ರಬಲ ಅಧಿಕಾರಿ ಬ್ರಾಂಕ್ಸ್ ಭಾಗದ ಎದೆಯನ್ನು ಸೀಳಿ ಹೆದ್ದಾರಿ ಹಾಕಲು ಹೊರಟರು. ಈಸ್ಟ್ ಟ್ರೀಮಾಂಟ್‌ನಂಥ ಬಾಳುತ್ತಿದ್ದ ಬಡಾವಣೆಗಳಿಂದ ಸಾವಿರಾರು ಕುಟುಂಬಗಳು ಎದ್ದುಹೋಗಬೇಕಾಯಿತು. ಅವರೂ ಊರಿನ ಒಳಿತಿಗೆಂದೇ ಹೇಳಿದರು. ಅಲ್ಲಿ ಸುಖಾಂತವಾಗಲಿಲ್ಲ.

ಅದನ್ನು ಎದುರಿಸಿದವರ ಕತೆಯೂ ಇದೆ. ಹಡ್ಸನ್ ಬೀದಿಯಲ್ಲಿ ವಾಸವಾಗಿದ್ದ ಜೇನ್ ಜೇಕಬ್ಸ್ ಎಂಬ ಹೆಣ್ಣುಮಗಳು 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಒಂದು ಪುಸ್ತಕ ಬರೆದರು. ಬೀದಿಯನ್ನು ಸುರಕ್ಷಿತವಾಗಿಡುವವರು ಅಂಗಡಿಯ ಬಾಗಿಲಲ್ಲಿ ನಿಂತವರು, ಕಿಟಕಿಯಿಂದ ಬಗ್ಗಿ ನೋಡುವವರು, ಪರಿಚಯದ ಮಕ್ಕಳನ್ನು ಗದರಿಸುವವರು ಎಂಬುದು ಅವರ ವಾದದ ಒಂದು ಮುಖ್ಯ ಎಳೆ. ವಾಷಿಂಗ್ಟನ್ ಚೌಕದ ಉದ್ಯಾನದ ನಡುವೆ ಮೋಸೆಸ್ ಹಾಕಹೊರಟ ರಸ್ತೆಯನ್ನು 1950ರ ದಶಕದಲ್ಲಿ ತಡೆದವರಲ್ಲಿ ಮಕ್ಕಳ ತಳ್ಳುಗಾಡಿ ಹಿಡಿದು ಬಂದ ತಾಯಂದಿರೇ ಮುಂದಿದ್ದರು. ಮ್ಯಾನ್‌ಹಟನ್ನಿನ ಕೆಳಭಾಗವನ್ನು ಅಡ್ಡಲಾಗಿ ಸೀಳಬೇಕಿದ್ದ ಹೆದ್ದಾರಿಯೂ ಜನರ ವಿರೋಧದಿಂದ 1960ರ ದಶಕದ ಕೊನೆಗೆ ಕೈಬಿಟ್ಟುಹೋಯಿತು. ಒಂದು ನಗರ ತನ್ನ ಬಡಾವಣೆಗಳನ್ನು ತಾನೇ ಉಳಿಸಿಕೊಂಡ ಈ ಕತೆಯಲ್ಲಿ ಹಾರುವವರು ಯಾರೂ ಇಲ್ಲ. ಸಭೆಗಳಿವೆ, ಸಹಿ ಸಂಗ್ರಹವಿದೆ, ಗಂಟಲು ಕಟ್ಟಿಕೊಂಡ ಮಾತುಗಾರರಿದ್ದಾರೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಆ ಕಡೆಯೇ ಕೆಲಸದಲ್ಲಿರುವವನು, ಈ ಮಾತು ಕೇಳಿ ನಕ್ಕ. "ಮೇಷ್ಟ್ರೇ, ಅದು ಬರೀ ಮನರಂಜನೆ. ಭೀಮ ಬಕಾಸುರನನ್ನು ಕೊಂದಾಗ ಏಕಚಕ್ರನಗರದ ಚರಂಡಿ ಯಾರು ತೊಳೆದರು ಅಂತ ನೀವು ಕೇಳಿದ್ದಿರಾ?" ಎಂದ. ಒಳ್ಳೆಯ ಪೆಟ್ಟು. ಕೊಟ್ಟವನು ನನ್ನ ಶಿಷ್ಯನೆಂದು ಹೆಮ್ಮೆಯೂ ಆಯಿತು. ಆದರೆ ಅಪ್ಪಾ, ಆ ಕತೆಯಲ್ಲಿ ಬಂಡಿ ತುಂಬ ಅನ್ನ ಬೇಯಿಸುವ ಸರದಿಯಿದೆ, ಯಾರು ಸಾಯಬೇಕೆಂದು ಗಂಡ ಹೆಂಡತಿ ಮಕ್ಕಳು ಒಬ್ಬರಿಗೊಬ್ಬರು ಅಡ್ಡ ಬರುವ ಒಂದು ಮನೆಯಿದೆ. ಭೀಮ ಹೊರಡುವ ಮೊದಲು ನಾವು ಆ ಮನೆಯೊಳಗೆ ಕುಳಿತು ಅತ್ತಿರುತ್ತೇವೆ. ನಾನು ಕೇಳುವುದೂ ಅಷ್ಟೇ. ಒಂದು ಮನೆಯೊಳಗೆ ಕೂರಿಸಿ.

ಈ ಚಿತ್ರಗಳಿಗೆ ಅದು ಸಾಧ್ಯವೇ ಇಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ನಾನು ಅಂಕ ಕಳೆದ ಅದೇ 2004ರ ಚಿತ್ರದಲ್ಲಿ ರೈಲು ನಿಲ್ಲಿಸಿ ಮೂರ್ಛೆ ಹೋದ ಹುಡುಗನನ್ನು ಪ್ರಯಾಣಿಕರು ಕೈಯಿಂದ ಕೈಗೆ ಎತ್ತಿ ಒಳಗೆ ಮಲಗಿಸುತ್ತಾರೆ. ಮುಖವಾಡ ಕಳಚಿದ ಅವನನ್ನು ಕಂಡು, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುತ್ತಾರೆ. ನನ್ನ ಕಣ್ಣು ಒದ್ದೆಯಾಯಿತು. 2002ರ ಮೊದಲ ಚಿತ್ರದಲ್ಲಿ ಸೇತುವೆಯ ಮೇಲೆ ನಿಂತ ಜನ ಕೈಗೆ ಸಿಕ್ಕಿದ್ದನ್ನೆಲ್ಲ ಖಳನ ಮೇಲೆ ಎಸೆಯುತ್ತಾರೆ. ಅದು 2001ರ ಸೆಪ್ಟೆಂಬರಿನ ದುರಂತದ ಅನಂತರ ಸೇರಿಸಿದ ದೃಶ್ಯ. ನಗರಕ್ಕೆ ನಿಜವಾದ ಪೆಟ್ಟು ಬಿದ್ದಾಗ ಮಾತ್ರ ಚಿತ್ರದವರಿಗೆ ಜನರ ನೆನಪಾಯಿತು. ಆಮೇಲೆ ಹತ್ತು ವರ್ಷದಲ್ಲಿ ಮರೆತರು. ಅದೇ ಮ್ಯಾನ್‌ಹಟನ್ನಿನ ಕಟ್ಟಡಗಳು ಪಟಾಕಿಯಂತೆ ಸಿಡಿಯತೊಡಗಿದವು.

ಕ್ವೀನ್ಸಿಗೆ ಪೆಟ್ಟು ಬಿದ್ದಾಗ ಏನು ನಡೆಯಿತೆಂಬುದು ಮಗಳ ಬಾಯಲ್ಲಿ ಕೇಳಿದ್ದೇನೆ. 2020ರ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಅವರ ಮನೆಯಿಂದ ನಡೆದು ಹೋಗುವಷ್ಟು ದೂರದ ಎಲ್ಮ್‌ಹರ್ಸ್ಟ್ ಆಸ್ಪತ್ರೆ ಕೊರೋನಾ ಹಾವಳಿಯ ನಡುಬಿಂದುವಾಗಿತ್ತು. ಹಗಲೂ ರಾತ್ರಿ ಆಂಬುಲೆನ್ಸಿನ ಕೂಗು. ದಾದಿಯರು, ಆಸ್ಪತ್ರೆಯ ಕಸ ಗುಡಿಸುವವರು, ಬಸ್ ಚಾಲಕರು, ಸೈಕಲ್ಲಿನಲ್ಲಿ ಊಟ ತಲುಪಿಸುವ ಹುಡುಗರು ಮನೆಯಲ್ಲಿ ಕೂರುವಂತಿರಲಿಲ್ಲ. ಸಂಜೆ ಏಳಕ್ಕೆ ಜನ ಕಿಟಕಿಗೆ ಬಂದು ಪಾತ್ರೆ ಬಡಿಯುತ್ತಿದ್ದರಂತೆ. ಮರುವರ್ಷ, 2021ರ ಸೆಪ್ಟೆಂಬರ್ 1ರ ರಾತ್ರಿ, ಐಡಾ ಚಂಡಮಾರುತದ ಉಳಿಕೆ ಮಳೆ ಸುರಿಯಿತು. ನಗರದಲ್ಲಿ ಹತ್ತಕ್ಕೂ ಹೆಚ್ಚು ಮಂದಿ ನೆಲಮಾಳಿಗೆಯ ಮನೆಗಳಲ್ಲಿ ಸಿಕ್ಕಿ ಸತ್ತರು, ಹೆಚ್ಚಿನವರು ಕ್ವೀನ್ಸಿನವರು. ಬಾಡಿಗೆ ತೆರಲಾರದೆ ನೆಲದಡಿಯ ಕೋಣೆಗಳಲ್ಲಿ ಬದುಕುತ್ತಿದ್ದ ವಲಸೆಗಾರರೇ ಅವರಲ್ಲಿ ಬಹಳ ಮಂದಿ. ಜೇಡನ ಹುಡುಗ 1962ರಿಂದಲೂ ಕ್ವೀನ್ಸಿನ ನಿವಾಸಿ. ನೆರೆಹೊರೆಯವನೆಂಬ ಬಿರುದೂ ಅವನಿಗಿದೆ. ಆದರೆ ಆ ನೆರೆಹೊರೆಯಲ್ಲಿ ನೆಲಮಾಳಿಗೆಯ ಮನೆಯನ್ನು ನಾನು ಆ ಚಿತ್ರಗಳಲ್ಲಿ ಕಾಣಲಿಲ್ಲ. ಆಕಾಶದಿಂದ ಬರುವ ಶತ್ರುವಿಗೆ ಕೋಟಿಗಟ್ಟಲೆ ಡಾಲರ್ ಖರ್ಚು ಮಾಡುತ್ತಾರೆ. ಬಾಗಿಲ ಸಂದಿಯಿಂದ ಬರುವ ನೀರಿಗೆ ಚಂದವಿಲ್ಲ.

ಬ್ರಾಂಕ್ಸಿನ ಹೈಬ್ರಿಜ್ ಬಡಾವಣೆಯಲ್ಲಿ ಎರಡು ಬೀದಿಗಳನ್ನು ಕೂಡಿಸುವ ಕಡಿದಾದ ಮೆಟ್ಟಿಲುಗಳಿವೆ. 2019ರ 'ಜೋಕರ್' ಚಿತ್ರದಲ್ಲಿ ಬ್ಯಾಟ್‌ಮ್ಯಾನನ ಎದುರಾಳಿ ಅಲ್ಲಿ ಕುಣಿದ ಮೇಲೆ ಜಗತ್ತಿನ ಪ್ರವಾಸಿಗರೆಲ್ಲ ಬಂದು ಕುಣಿದು ಪಟ ತೆಗೆಸಿಕೊಂಡರು. ಅಲ್ಲಿನವರು ಬೇಸತ್ತರು. ಅವರಿಗೆ ಅದು ರೈಲಿಗೆ ಹೋಗುವ ದಾರಿ, ಕೈಯಲ್ಲಿ ಚೀಲ ಹಿಡಿದು ಮಂಡಿ ನೋಯಿಸಿಕೊಂಡು ಹತ್ತುವ ದಾರಿ.

ಹಿಂದಿರುಗುವ ಹಿಂದಿನ ವಾರ ಮೊಮ್ಮಗನಿಗೆ ಮನೆಪಾಠ ಕೊಟ್ಟೆ. ನಾಲ್ಕರಿಂದ ಐದು ಗಂಟೆಯವರೆಗೆ 74ನೆಯ ಬೀದಿಯ ಮೂಲೆಯಲ್ಲಿ ನನ್ನೊಡನೆ ನಿಂತು, ಏನೇನು ನಡೆಯಿತೆಂದು ಬರೆಯಬೇಕು. ಮೊದಲ ಹತ್ತು ನಿಮಿಷ ಗೊಣಗಿದ. ಆಮೇಲೆ ಪೆನ್ಸಿಲ್ ಓಡಿತು. ಕುರುಡರೊಬ್ಬರನ್ನು ಹಣ್ಣಿನವನು ಗಾಡಿ ಬಿಟ್ಟುಬಂದು ರಸ್ತೆ ದಾಟಿಸಿದ್ದು, ಬಸ್ಸಿನವನು ಓಡಿಬರುವ ಹೆಂಗಸಿಗಾಗಿ ಬಾಗಿಲು ಮತ್ತೆ ತೆರೆದದ್ದು, ಇಬ್ಬರು ಯಾವುದೋ ಭಾಷೆಯಲ್ಲಿ ಜಗಳವಾಡಿ ಮೂರನೆಯವನು ಬೇರೊಂದು ಭಾಷೆಯಲ್ಲಿ ಬಿಡಿಸಿದ್ದು, ತಾತ ಚಿಲ್ಲರೆ ತಪ್ಪಾಗಿ ಎಣಿಸಿದಾಗ ಅಂಗಡಿಯವರು ಹೆಚ್ಚಿನ ದುಡ್ಡು ಹಿಂದಕ್ಕೆ ಕೊಟ್ಟದ್ದು, ಹೀಗೆ ಇಪ್ಪತ್ತೆರಡು ಸಂಗತಿಗಳಾದವು. ಇಪ್ಪತ್ತಮೂರನೆಯದಾಗಿ, ಸ್ಪೈಡರ್‌ಮ್ಯಾನ್ ಬರಲಿಲ್ಲ ಎಂದು ಬರೆದಿದ್ದ. ಅದಕ್ಕೂ ಒಂದು ಅಂಕ ಕೊಟ್ಟೆ.