ಮಂಗನ ಕಾಯಿಲೆ: ಎಚ್ಚರಿಕೆ ಕಾಡಂಚಿನ ಮನೆಗಳಿಗೆ ಮೊದಲೇ ತಲುಪಲಿ

ಚಳಿಗಾಲ ಬಂತೆಂದರೆ ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಮಂಗನ ಕಾಯಿಲೆಯ ಭೀತಿ ಮರಳುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ 1980ರ ದಶಕದ ಆರಂಭದಲ್ಲಿ ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿ ಅನೇಕರನ್ನು ಬಲಿ ತೆಗೆದುಕೊಂಡಿತು. 2015ರಲ್ಲಿ ವಯನಾಡಿನಲ್ಲಿ ಇದಕ್ಕೆ ಹೆಚ್ಚಾಗಿ ತುತ್ತಾದವರು ಆದಿವಾಸಿಗಳು. 2024ರ ಆರಂಭದಲ್ಲಿ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳವರು ಮತ್ತೆ ಸಾವು ಕಂಡರು.

ರೋಗಾಣುವನ್ನು ಹರಡುವುದು ಉಣುಗು. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ತರಗೆಲೆಗಳ ನಡುವೆ ಸೇರಿಕೊಂಡು, ಅತ್ತ ಹೋದವರನ್ನು ಕಚ್ಚುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡದು. ಡಿಸೆಂಬರಿನಿಂದ ಮೇ ತನಕ ಮರಿ ಉಣುಗುಗಳ ಕಾಟ ಹೆಚ್ಚು. ಸೌದೆ, ತರಗೆಲೆ, ಜೇನಿಗಾಗಿ ಆದಿವಾಸಿ ಕುಟುಂಬಗಳು ಕಾಡು ಹೊಗುವುದೂ ಇದೇ ತಿಂಗಳುಗಳಲ್ಲಿ. ಆದ್ದರಿಂದ 'ಕಾಡಿಗೆ ಹೋಗಬೇಡಿ' ಎಂಬ ಬುದ್ಧಿವಾದ ಅವರ ಪಾಲಿಗೆ 'ಉಣ್ಣಬೇಡಿ' ಎಂದಂತೆ.

ಹಳೆಯ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈ ರೋಗಕ್ಕೆಂದೇ ಬೇರೆ ಔಷಧಿಯೂ ಇಲ್ಲ. ಹೊಸ ಲಸಿಕೆ ಜನರ ಕೈ ಸೇರುವ ತನಕ ತಿಳುವಳಿಕೆಯೇ ಮುಖ್ಯ ರಕ್ಷಣೆ. ಹೇಳಬೇಕಾದ ಮಾತುಗಳು ಕೆಲವೇ: ಕಾಡಿಗೆ ಹೋಗುವಾಗ ಮೈ ತುಂಬ ಬಟ್ಟೆ ತೊಡಿ, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿ. ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ದನಗಳ ಮೈಯ ಉಣುಗನ್ನೂ ನೋಡಿಕೊಳ್ಳಿ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹಠಾತ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವ ರೋಗವಿದು.

ಇಷ್ಟನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ ಹಂಚಿದರೆ ಕರ್ತವ್ಯ ಮುಗಿಯಿತೇ? ಇಲ್ಲವೆನ್ನುತ್ತೇವೆ. ತುಳು ಮಾತಾಡುವ ಮಲೆಕುಡಿಯರ ಮನೆಗೆ ತುಳುವಿನಲ್ಲೇ ಮಾತು ಹೋಗಬೇಕು, ಅದೂ ನವೆಂಬರಿನಲ್ಲೇ. ಕೂಲಿಗೆ ಹೋದವರು ಮರಳುವ ಸಂಜೆಯ ಹೊತ್ತು ಒಳ್ಳೆಯದು. ಸೌದೆ ತರುವ, ದನ ನೋಡುವ, ಮಕ್ಕಳ ಜ್ವರವನ್ನು ಮೊದಲು ಗುರುತಿಸುವ ತಾಯಂದಿರೊಡನೆ ಕುಳಿತು, ತೈಲ ಹಚ್ಚುವ ಕ್ರಮವನ್ನು ಕೈಯಾರೆ ತೋರಿಸಬೇಕು. ಉಣುಗು ಎಲ್ಲೆಲ್ಲಿ ಹೆಚ್ಚೆಂದು ಅವರಿಂದ ನಾವೂ ಕೇಳಿ ತಿಳಿಯಬೇಕು.

ಆಸ್ಪತ್ರೆಗೆ ಹೋದರೆ ದಿನದ ಕೂಲಿ ತಪ್ಪುತ್ತದೆ, ಬಸ್ಸಿನ ಖರ್ಚು ಬೇರೆ. ಜ್ವರ ಬಂದರೂ ಜನ ಮನೆಯಲ್ಲೇ ಉಳಿಯಲು ಇದೂ ಒಂದು ಕಾರಣ. ಆದ್ದರಿಂದ ಧರ್ಮಕೇಂದ್ರಗಳ ಆರೋಗ್ಯ ಕಾರ್ಯಕರ್ತರು ಆಶಾ ಕಾರ್ಯಕರ್ತೆಯರೊಡನೆ ಸೇರಿ, ಯಾವ ಮನೆಗೆ ಯಾರು ಹೋಗುವುದು, ರೋಗಿಯೊಡನೆ ಆಸ್ಪತ್ರೆಗೆ ಯಾರು ಹೋಗುವುದು ಎಂದು ಈಗಲೇ ನಿಶ್ಚಯಿಸಲಿ. ಮಂಗ ಸತ್ತ ಸುದ್ದಿ ಬಂದ ಮೇಲೆ ಸಭೆ ಕರೆದರೆ ತಡವಾದೀತು.