ಅನ್‌ಡೂ ಇಲ್ಲದ ಕಾಲದ ಕೈಚಳಕ

ಕಳೆದ ಮಳೆಗಾಲದಲ್ಲಿ ರಜೆಗೆಂದು ಕೊಡಗಿನ ನಮ್ಮೂರಿಗೆ ಹೋಗಿದ್ದೆ. ಎರಡು ದಿನದಿಂದ ಇಲ್ಲದ ಕರೆಂಟ್ ಬಂದ ಕೂಡಲೇ ಅಜ್ಜ ಟಿವಿ ಹಾಕಿದರು. ‘ಬಭ್ರುವಾಹನ’ ಬರುತ್ತಿತ್ತು. ಅರ್ಜುನನೂ ಡಾ. ರಾಜ್‌ಕುಮಾರ್, ಮಗ ಬಭ್ರುವಾಹನನೂ ಅವರೇ. ಇಬ್ಬರೂ ಎದುರುಬದುರು ನಿಂತು ಹಾಡಿನಲ್ಲೇ ಸವಾಲು ಹಾಕುತ್ತಿದ್ದರು. ಒಬ್ಬರಿಗೆ ಪಿ.ಬಿ. ಶ್ರೀನಿವಾಸ್ ದನಿ, ಇನ್ನೊಬ್ಬರಿಗೆ ರಾಜ್ ಅವರದೇ ದನಿ. ‘ಗ್ರಾಫಿಕ್ಸ್ ಚೆನ್ನಾಗಿದೆ’ ಎಂದೆ. ಅಜ್ಜ ನಕ್ಕುಬಿಟ್ಟರು. ‘1977ರಲ್ಲಿ ಎಲ್ಲಿತ್ತಪ್ಪಾ ನಿಮ್ಮ ಗ್ರಾಫಿಕ್ಸ್?’

ಬಿಇ ಓದುವ ನನಗೆ ನಾಚಿಕೆಯಾಯಿತು. ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ಆ ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಎಸ್.ವಿ. ಶ್ರೀಕಾಂತ್. ಹೆಸರು ಕೇಳಿದ್ದು ಆಗಲೇ.

ಆ ಕಾಲದ ದ್ವಿಪಾತ್ರದ ತಂತ್ರ ಕೇಳಲು ಸುಲಭ. ಲೆನ್ಸ್‌ನ ಅರ್ಧಕ್ಕೆ ಕಪ್ಪು ಮಾಸ್ಕ್ ಮುಚ್ಚಿ ನಟನನ್ನು ಒಂದು ಬದಿಯಲ್ಲಿ ಚಿತ್ರಿಸಬೇಕು. ರೀಲನ್ನು ಹಿಂದಕ್ಕೆ ಸುತ್ತಿ, ಮಾಸ್ಕನ್ನು ಇನ್ನೊಂದು ಬದಿಗೆ ಹಾಕಿ, ವೇಷ ಬದಲಿಸಿ ಬಂದ ಅದೇ ನಟನನ್ನು ಅದೇ ಫಿಲ್ಮಿನ ಮೇಲೆ ಮತ್ತೆ ಚಿತ್ರಿಸಬೇಕು. ಸೆಕೆಂಡಿಗೆ 24 ಫ್ರೇಮ್. ಹತ್ತು ಸೆಕೆಂಡಿಗೆ 240. ಅಷ್ಟೂ ತಾಳೆಯಾಗಬೇಕು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ, ಬೆಳಕು ಚೂರು ಬದಲಾದರೂ ಮಧ್ಯದಲ್ಲಿ ಗೆರೆ ಮೂಡುತ್ತದೆ. ನಟನೋ ಎದುರಿಗೆ ಯಾರೂ ಇಲ್ಲದ ಜಾಗ ನೋಡಿ ಸಿಟ್ಟಾಗಬೇಕು. ತಪ್ಪಿದ್ದು ಗೊತ್ತಾಗುವುದು ಲ್ಯಾಬ್‌ನಲ್ಲಿ ಫಿಲ್ಮ್ ತೊಳೆದ ಮೇಲೆ!

ನಮ್ಮ ಮಿನಿ ಪ್ರಾಜೆಕ್ಟ್‌ನಲ್ಲಿ ನಾನು ದಿನಕ್ಕೆ ನೂರು ಸಲ ಅನ್‌ಡೂ ಒತ್ತುತ್ತೇನೆ. ಅವರಿಗೆ ಆ ಗುಂಡಿಯೇ ಇರಲಿಲ್ಲ. ಹಾಗಾಗಿ ಮೊದಲೇ ಯೋಚಿಸುತ್ತಿದ್ದರು. ಎಂಜಿನಿಯರಿಂಗ್ ಅಂದರೆ ಅದೇ ಅಲ್ಲವೇ?

ಈ ಪರಂಪರೆ ಹಳೆಯದು. ದಾದಾಸಾಹೇಬ್ ಫಾಲ್ಕೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆಯುವ ಮುನ್ನ, ಬಟಾಣಿ ಕಾಳು ಮೊಳೆತು ಗಿಡವಾಗುವುದನ್ನು ಒಂದೊಂದೇ ಫ್ರೇಮ್ ಆಗಿ ಚಿತ್ರಿಸಿದ್ದರು. 1917ರ ಅವರ ‘ಲಂಕಾ ದಹನ’ದಲ್ಲಿ ಅಣ್ಣಾ ಸಾಳುಂಕೆ ರಾಮನೂ ಆದರು, ಸೀತೆಯೂ ಆದರು. ಫಾಲ್ಕೆ ಹೆಸರಿನಲ್ಲಿ ಪ್ರಶಸ್ತಿಯಿದೆ. ಆದರೆ ನಮ್ಮ ಶ್ರೀಕಾಂತ್ ಅವರಂಥವರ ಹೆಸರು ನನ್ನ ತರಗತಿಯಲ್ಲಿ ಎಷ್ಟು ಜನರಿಗೆ ಗೊತ್ತು?

ಹಳೆಯದೇ ಚೆಂದ ಎನ್ನುವುದು ನನ್ನ ವಾದವಲ್ಲ. ಇಂದು ನಿದ್ದೆಗೆಟ್ಟು ವಿಎಫ್‌ಎಕ್ಸ್ ಮಾಡುವವರ ಗತಿಯೂ ಇದೇ. ಅವರ ಹೆಸರು ತೆರೆಯ ಮೇಲೆ ಏರುವ ಹೊತ್ತಿಗೆ ನಾವು ಪಾಪ್‌ಕಾರ್ನ್ ಡಬ್ಬ ಬಿಟ್ಟು ಎದ್ದಿರುತ್ತೇವೆ. ಆ ಕ್ಷೇತ್ರಕ್ಕೆ ಹೋಗಬೇಕೆಂಬ ಗೆಳೆಯನಿಗೆ ಮನೆಯಲ್ಲಿ ಸಿಕ್ಕ ಉತ್ತರ, ‘ಅದೂ ಒಂದು ಕೆಲಸವಾ?’ ಹಿಂದೆ ಮಾಡಿದವರನ್ನು ನಾವು ಮರೆತಿರುವುದರಿಂದಲೇ ಈ ಪ್ರಶ್ನೆ ಬರುತ್ತದೆ.

ಆ ಕಾಲದ ಛಾಯಾಗ್ರಾಹಕರ ಸಹಾಯಕರು, ಲ್ಯಾಬ್ ಕೆಲಸಗಾರರು ಈಗ ವೃದ್ಧರು. ಅವರ ಮಾತುಗಳನ್ನು ಈಗಲೇ ದಾಖಲಿಸಬೇಕು. ಚಲನಚಿತ್ರ ಅಕಾಡೆಮಿಯ ಜೊತೆ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಕೈಜೋಡಿಸಿದರೆ, ಒಂದು ಒಳ್ಳೆಯ ಪ್ರಾಜೆಕ್ಟ್ ಆದೀತು.

ಹಬ್ಬದ ದಿನ ನಮ್ಮ ಮನೆಯಲ್ಲಿ ನಾವು ಉಣ್ಣುವ ಮೊದಲು ಹಿರಿಯರಿಗೆ ಮೀದಿ, ಅಂದರೆ ಎಡೆ, ಇಡುತ್ತಾರೆ. ಬೆಳ್ಳಿತೆರೆಯ ಈ ಹಿರಿಯರು ಎಡೆ ಕೇಳುವುದಿಲ್ಲ. ಮುಂದಿನ ಸಲ ಸಿನಿಮಾ ಮುಗಿದಾಗ ಎರಡು ನಿಮಿಷ ಕುಳಿತು ಹೆಸರುಗಳನ್ನು ಓದೋಣ, ಅಷ್ಟು ಸಾಕು.